ಅಮ್ಮನ ಹರಕೆ, ಅತ್ತೂರಿನ ದಾರಿ

ಜನವರಿ ತಿಂಗಳ ಕೊನೆ ಸಮೀಪಿಸಿತೆಂದರೆ ಕರಾವಳಿಯ ಕಥೋಲಿಕ ಮನೆಗಳಲ್ಲಿ ಅತ್ತೂರಿನ ಮಾತು ಏಳುತ್ತದೆ. ಕಾರ್ಕಳದ ಬಳಿಯಿರುವ ಸಂತ ಲಾರೆನ್ಸರ ಆ ಪುಣ್ಯಕ್ಷೇತ್ರದ ವಾರ್ಷಿಕ ಮಹೋತ್ಸವವನ್ನು ತುಳುನಾಡಿನ ಸಕಲ ಮತಸ್ಥರೂ ‘ಅತ್ತೂರು ಸಾಂತ್‌ಮಾರಿ’ ಎಂದು ಕರೆದು ತಮ್ಮದಾಗಿಸಿಕೊಂಡಿದ್ದಾರೆ. ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಮೊಂಬತ್ತಿಯ ಹೊಗೆ, ಸಾಲು ಅಂಗಡಿಗಳು, ಧ್ವನಿವರ್ಧಕದಲ್ಲಿ ಕೇಳಿಬರುವ ಬಲಿಪೂಜೆಯ ಸಮಯ, ಕೈತಪ್ಪಿದ ಮಕ್ಕಳನ್ನು ಹುಡುಕುವ ತಾಯಂದಿರು, ಇವೆಲ್ಲವೂ ನಮ್ಮ ಓದುಗರಿಗೆ ಚಿರಪರಿಚಿತ. ಈ ಲೇಖನ ಆ ಜಾತ್ರೆಯ ಕುರಿತಾದುದಲ್ಲ. ಜಾತ್ರೆಯ ಚಪ್ಪರ ಬಿಚ್ಚಿ ತಿಂಗಳು ಕಳೆದ ಮೇಲೆ, ತಪಸ್ಸುಕಾಲದ ಒಂದು ಬುಧವಾರ ಮತ್ತು ಗುರುವಾರ, ಕುದ್ರೋಳಿಯ ನಮ್ಮ ಮನೆಯಿಂದ ಅತ್ತೂರಿನವರೆಗೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿದ ವೃತ್ತಾಂತವಿದು.

ಇದರ ಮೂಲ ಒಂದು ಚೀಟಿ. ನಮ್ಮ ತಾಯಿ ತೀರಿಕೊಂಡ ಕೆಲವು ತಿಂಗಳ ಬಳಿಕ ಅಕ್ಕ ಆಕೆಯ ಪ್ರಾರ್ಥನಾ ಪುಸ್ತಕವನ್ನು ತೆರೆದಾಗ, ಸತ್ತವರ ಸ್ಮರಣೆಯ ಚಿತ್ರಗಳ ನಡುವೆ, ನಾಲ್ಕಾಗಿ ಮಡಚಿದ ಒಂದು ಹಾಳೆ ಸಿಕ್ಕಿತು. ಕನ್ನಡ ಲಿಪಿಯಲ್ಲಿ ಬರೆದ ಕೊಂಕಣಿ; ಅಮ್ಮನದೇ ಅಕ್ಷರ. ಜೀವಮಾನದಲ್ಲಿ ಆಕೆ ಹೊತ್ತ ಹರಕೆಗಳ ಪಟ್ಟಿಯದು. ಜೆಪ್ಪುವಿನ ಸಂತ ಆಂತೋನಿಯವರಿಗೆ ಬಡವರ ರೊಟ್ಟಿಗೆಂದು ಹಣ, ಬಿಕರ್ನಕಟ್ಟೆಯ ಬಾಲಯೇಸುವಿಗೆ ಒಂಬತ್ತು ಗುರುವಾರ, ಹೀಗೆ ಹದಿನಾಲ್ಕು ಸಾಲುಗಳು. ತೀರಿಸಿದ ಪ್ರತಿಯೊಂದರ ಮುಂದೆಯೂ ಒಂದು ಸಣ್ಣ ಶಿಲುಬೆಯ ಗುರುತು. ನಾಲ್ಕನೆಯ ಸಾಲಿನ ಮುಂದೆ ಮಾತ್ರ ಏನೂ ಇರಲಿಲ್ಲ. ಅಲ್ಲಿದ್ದುದು ಇಷ್ಟೇ: ‘ಮಗನ ಜ್ವರ. ಅತ್ತೂರಿಗೆ ಮನೆಯಿಂದ ನಡೆದು.’

ಆ ಮಗ ನಾನು. 1973ರಲ್ಲಿ ನನಗೆ ಎಂಟು ವರ್ಷ. ವಿಷಮಶೀತ ಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದೆನಂತೆ. ತಂದೆ ಆಗ ಮುಂಬೈಯಲ್ಲಿ ನೌಕರಿಯಲ್ಲಿದ್ದರು. ನಾನು ಎದ್ದು ಕುಳಿತೆ, ಹರಕೆ ಉಳಿಯಿತು. ಮರುವರ್ಷ ತಮ್ಮ ಹೊಟ್ಟೆಯಲ್ಲಿದ್ದ. ಅದರ ಮರುವರ್ಷ ಅಜ್ಜಿಗೆ ಪಾರ್ಶ್ವವಾಯು. ಬಳಿಕ ಅಮ್ಮನಿಗೇ ಮೊಣಕಾಲು ನೋವು. ಪ್ರತಿವರ್ಷವೂ ಆಕೆ ನಮ್ಮನ್ನು ಬಸ್ಸಿನಲ್ಲಿ ಅತ್ತೂರಿಗೆ ಕರೆದೊಯ್ಯುತ್ತಿದ್ದಳು. ಸಂತರ ಪ್ರತಿಮೆಯ ಮುಂದೆ ನಿಂತು, ನಡೆದು ಬರುತ್ತೇನೆಂದವಳು ಈ ವರ್ಷವೂ ಬಸ್ಸಿನಲ್ಲೇ ಬಂದೆನೆಂದು ತಗ್ಗಿದ ದನಿಯಲ್ಲಿ ಹೇಳಿಕೊಳ್ಳುತ್ತಿದ್ದಳು. ನಾವು ಮಕ್ಕಳು ಅದನ್ನು ವಿನೋದವೆಂದೇ ಭಾವಿಸಿ ನಗುತ್ತಿದ್ದೆವು. ವಿನೋದವಾಗಿರಲಿಲ್ಲ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.

ಚೀಟಿಯನ್ನು ಹಿಡಿದುಕೊಂಡು ನಮ್ಮ ಧರ್ಮಗುರುಗಳ ಬಳಿಗೆ ಹೋದೆ. ತಾಯಿಯ ತೀರದ ಹರಕೆ ಮಗನ ಮೇಲೆ ಬೀಳುತ್ತದೆಯೇ ಎಂಬುದು ನನ್ನ ಪ್ರಶ್ನೆ. ಅವರು ಕಪಾಟಿನಿಂದ 1983ರ ಚರ್ಚು ಕಾನೂನು ಸಂಹಿತೆಯನ್ನು ತೆಗೆದು 1193ನೇ ಕಾನೂನನ್ನು ತೋರಿಸಿದರು. ಹರಕೆಯೆಂಬುದು ಸ್ವಭಾವತಃ ಅದನ್ನು ಹೊತ್ತವರನ್ನು ಮಾತ್ರ ಬಂಧಿಸುತ್ತದೆ, ಬೇರೊಬ್ಬರನ್ನಲ್ಲ. ಅಷ್ಟೇ ಅಲ್ಲ, ಸಾಧ್ಯವಾಗದ ಹರಕೆಯಿಂದ ಬಿಡುಗಡೆ ನೀಡುವ ಅಧಿಕಾರ ಧರ್ಮಕೇಂದ್ರದ ಗುರುಗಳಿಗೇ ಉಂಟು. ಅದನ್ನು ಸಮಾನವಾದ ಬೇರೊಂದು ಪುಣ್ಯಕಾರ್ಯಕ್ಕೆ ಬದಲಾಯಿಸಿಕೊಳ್ಳಲೂ ಅವಕಾಶವಿದೆ. ‘ನಿಮ್ಮ ಅಮ್ಮ ಒಂದು ಮಾತು ಕೇಳಿದ್ದರೆ ಅಂದೇ ಮುಗಿಯುತ್ತಿತ್ತು’ ಎಂದರು. ಅಮ್ಮ ಕೇಳಲಿಲ್ಲ. ನಾಚಿಕೆಯೋ, ಇಂದಲ್ಲ ನಾಳೆ ನಡೆದೇನೆಂಬ ಹಟವೋ, ಈಗ ಬಲ್ಲವರು ಯಾರು? ನಾನು ಏಳುವಾಗ ಗುರುಗಳು ಕನ್ನಡಕ ತೆಗೆಯುತ್ತಾ, ‘ನಿಮಗೆ ಋಣವಿಲ್ಲ ಎಂದೆ. ಹೋಗಬೇಡಿ ಎಂದು ನಾನು ಹೇಳಿಲ್ಲ’ ಎಂದರು.

ಮನೆಯಲ್ಲಿ ವಿರೋಧವಿತ್ತು. ಅರುವತ್ತರ ಪ್ರಾಯದಲ್ಲಿ ಇದೇನು ಸಾಹಸವೆಂದು ಹೆಂಡತಿಯ ಆಕ್ಷೇಪ. ದುಬೈಯಲ್ಲಿರುವ ಮಗ ಫೋನಿನಲ್ಲಿ, ‘ಪಪ್ಪಾ, ಕಾರಿನಲ್ಲಿ ಹೋಗಿ ಕೊನೆಯ ಐದು ಕಿಲೋಮೀಟರು ನಡೆದರೆ ಸಾಲದೇ?’ ಎಂದು ಕೇಳಿದ. ಸ್ಪೇನ್ ದೇಶದ ಸಾಂತಿಯಾಗೊ ಪುಣ್ಯಕ್ಷೇತ್ರದಲ್ಲಿ ಯಾತ್ರಾಪತ್ರ ಬೇಕಾದವರು ಕೊನೆಯ 100 ಕಿಲೋಮೀಟರನ್ನಾದರೂ ನಡೆದಿರಬೇಕೆಂಬ ನಿಯಮವಿದೆ. ದಾರಿಯುದ್ದಕ್ಕೂ ಪುಸ್ತಿಕೆಗೆ ಮುದ್ರೆ ಒತ್ತಿಸಿಕೊಳ್ಳಬೇಕು. ನಮ್ಮ ಅತ್ತೂರಿನ ದಾರಿಯಲ್ಲಿ ಮುದ್ರೆ ಒತ್ತುವವರಿಲ್ಲ, ಲೆಕ್ಕ ಕೇಳುವವರೂ ಇಲ್ಲ. ಆದರೆ ಚೀಟಿಯಲ್ಲಿ ‘ಮನೆಯಿಂದ’ ಎಂದು ಬರೆದಿತ್ತು.

ಬುಧವಾರ ಬೆಳಗಿನ ಜಾವ ಐದು ಗಂಟೆಗೆ ಹೊರಟಾಗ ಕುದ್ರೋಳಿಯ ಮಸೀದಿಯಿಂದ ಬಾಂಗ್ ಕೇಳಿಸುತ್ತಿತ್ತು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಗೋಕರ್ಣನಾಥ ಕ್ಷೇತ್ರದ ದೀಪಗಳು ಉರಿಯುತ್ತಿದ್ದವು. ಉರ್ವದ ಪೊಂಪೈ ಮಾತೆಯ ಚರ್ಚಿನ ಮುಂದೆ ನಿಂತು ಶಿಲುಬೆಯ ಗುರುತು ಮಾಡಿ ಮುಂದೆ ಸಾಗಿದೆ. ಮೊದಲ ದಿನದ ಬಗ್ಗೆ ಹೆಚ್ಚು ಹೇಳುವಂತಹುದಿಲ್ಲ. ಕೊಟ್ಟಾರ ಚೌಕಿ, ಕೂಳೂರು, ಕಾವೂರುಗಳ ತನಕ ವಾಹನಗಳ ಗದ್ದಲದಲ್ಲಿ ಜಪಸರದ ಮಣಿಯೂ ಕೈತಪ್ಪುವಂತಿತ್ತು. 2021ರ ಮಳೆಗಾಲದಲ್ಲಿ ಕುಸಿದು ಬಳಿಕ ದುರಸ್ತಿಗೊಂಡ ಮರವೂರು ಸೇತುವೆಯಲ್ಲಿ ಫಲ್ಗುಣಿ ನದಿಯನ್ನು ದಾಟಿ ಬಜಪೆಯ ಏರು ಹತ್ತಿದೆ. 2010ರ ಮೇ 22ರ ಬೆಳಿಗ್ಗೆ ಇಲ್ಲಿಯೇ ದುಬೈಯಿಂದ ಬಂದ ವಿಮಾನವು ಕಮರಿಗೆ ಬಿದ್ದು 158 ಜೀವಗಳು ಹೋದುವು. ತಲೆಯ ಮೇಲೆ ವಿಮಾನವೊಂದು ಇಳಿಯುತ್ತಿರಲು ಒಂದು ‘ಪರಲೋಕ ಮಂತ್ರ’ ಹೇಳಿಕೊಂಡೆ. ಮಗ ಬರುವುದೂ ಅದೇ ದಾರಿಯಲ್ಲಿ. ಮಧ್ಯಾಹ್ನದ ಬಿಸಿಲನ್ನು ಕಟೀಲಿನಲ್ಲಿ, ನಂದಿನಿ ನದಿಯ ದಡದ ನೆರಳಲ್ಲಿ ಕಳೆದೆ. ಸಂಜೆ ಕಿನ್ನಿಗೋಳಿಯಲ್ಲಿರುವ ದೊಡ್ಡಪ್ಪನ ಮಗನ ಮನೆ ಸೇರುವಾಗ ಎಡಗಾಲಿನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅತ್ತಿಗೆ ಬಿಸಿನೀರಿಗೆ ಉಪ್ಪು ಹಾಕಿ ತಂದಿಟ್ಟರು. ‘ಇನ್ನು ನಾಳೆ ಬಸ್ಸಿನಲ್ಲಿ ಹೋಗು, ಸಂತರು ಬೇಡ ಎನ್ನುವುದಿಲ್ಲ’ ಎಂದ ಅಣ್ಣ. ಅಮ್ಮನಿಗೂ ಪ್ರತಿವರ್ಷ ಯಾರೋ ಹೀಗೆಯೇ ಹೇಳಿರಬೇಕು.

ನಾನು ಬರೆಯಹೊರಟದ್ದು ಗುರುವಾರದ ಕುರಿತು.

ಆರು ಗಂಟೆಗೆ ಕಿನ್ನಿಗೋಳಿ ಬಿಟ್ಟೆ. ಹಾಲಿನ ಸೊಸೈಟಿಗೆ ಕ್ಯಾನು ಹಿಡಿದು ಹೋಗುತ್ತಿದ್ದ ಒಬ್ಬಿಬ್ಬರು, ಸೈಕಲಿನಲ್ಲಿ ಪತ್ರಿಕೆ ಹಂಚುವ ಹುಡುಗ, ಇವರನ್ನು ಬಿಟ್ಟರೆ ದಾರಿ ನಿರ್ಜನ. ಇಬ್ಬನಿ ಇನ್ನೂ ಆರಿರಲಿಲ್ಲ. ದಾಮಸ್‌ಕಟ್ಟೆಯ ಕಿರೆಂ ರೆಮೆದಿ ಅಮ್ಮನವರ ಇಗರ್ಜಿಯನ್ನು ತಲಪುವಾಗ ಬೆಳಗಿನ ಪೂಜೆ ಮುಗಿದು ನಾಲ್ಕೈದು ಮಂದಿ ಹೊರಬರುತ್ತಿದ್ದರು. ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ.

ಕಿರೆಂ ಹಳೆಯ ಹೆಸರು. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಹಿಡಿಯಲ್ಪಟ್ಟಾಗ ನಾಶವಾದ 27 ಇಗರ್ಜಿಗಳ ಪಟ್ಟಿಯಲ್ಲಿ ಪೆಜಾರಿನ ಸಂತ ಜೋಸೆಫ್, ಕಿರೆಂನ ರೆಮೆದಿ ಮಾತೆ, ಕಾರ್ಕಳದ ಸಂತ ಲಾರೆನ್ಸ್ ಎಂಬ ಮೂರು ಹೆಸರುಗಳೂ ಇವೆ. ಬಜಪೆಯಲ್ಲಿ ಹಿಂದಿನ ದಿನ ನಾನು ದಾಟಿ ಬಂದದ್ದು ಸಂತ ಜೋಸೆಫರ ಚರ್ಚನ್ನು; ಈಗ ಕುಳಿತಿರುವುದು ಎರಡನೆಯದರಲ್ಲಿ; ಹೋಗುತ್ತಿರುವುದು ಮೂರನೆಯದಕ್ಕೆ. ದಾರಿಯನ್ನು ಆರಿಸುವಾಗ ವಾಹನ ಕಡಿಮೆಯಿರುವ ಒಳರಸ್ತೆ ಬೇಕೆಂಬುದನ್ನು ಬಿಟ್ಟು ಬೇರಾವ ಯೋಚನೆಯೂ ನನಗಿರಲಿಲ್ಲ. ಹಳೆಯ ಇಗರ್ಜಿಗಳು ಹೆದ್ದಾರಿಯ ಪಕ್ಕದಲ್ಲಿಲ್ಲ. ಜನ ನಡೆಯುತ್ತಿದ್ದ ದಾರಿಗಳ ಪಕ್ಕದಲ್ಲಿವೆ.

ಅಂದು ಎಷ್ಟು ಮಂದಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ದರೆಂಬ ಅಂದಾಜು 30,000ದಿಂದ 80,000ದವರೆಗೆ ಏರಿಳಿಯುತ್ತದೆ. ಘಟ್ಟ ಹತ್ತಿ ಸುಮಾರು 200 ಮೈಲು, ಆರು ವಾರಗಳ ನಡಿಗೆ. ವೃದ್ಧರು, ಬಸುರಿಯರು, ಮಕ್ಕಳು ದಾರಿಯಲ್ಲಿಯೇ ಬಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಹಿಂದಿರುಗಿದರು, ಅದೂ ನಡೆದೇ. ಇದನ್ನು ನಾವು ಇತಿಹಾಸದ ಪಾಠವಾಗಿ ಓದಿದ್ದೇವೆ, ಪ್ರವಚನಗಳಲ್ಲಿ ಕೇಳಿದ್ದೇವೆ, ಕೆಲವೊಮ್ಮೆ ರಾಜಕೀಯದವರ ಬಾಯಲ್ಲಿಯೂ ಕೇಳಬೇಕಾಗಿ ಬಂದಿದೆ. ಆದರೆ ಒಂದು ದಿನ ನಡೆದು, ಕಾಲಿನಲ್ಲಿ ಬೊಬ್ಬೆ ಏಳಿಸಿಕೊಂಡು, ಅತ್ತಿಗೆಯ ಮನೆಯ ಹಾಸಿಗೆಯಲ್ಲಿ ಮಲಗಿ ಎದ್ದವನಿಗೆ ‘ಆರು ವಾರ’ ಎಂಬ ಎರಡು ಶಬ್ದಗಳು ಬೇರೆಯೇ ತೂಕದಲ್ಲಿ ಕೇಳಿಸುತ್ತವೆ. ನನ್ನದು ನಡಿಗೆಯೆಂದು ಹೇಳಿಕೊಳ್ಳಲೇ ನಾಚಿಕೆಯಾಯಿತು.

ಐಕಳ ದಾಟಿದ ಮೇಲೆ ಗದ್ದೆಗಳು ತೆರೆದುಕೊಂಡುವು. ಕಟಾವು ಮುಗಿದ ಗದ್ದೆಗಳಲ್ಲಿ ಕೆಲವೆಡೆ ಉದ್ದು, ಹೆಸರು. ಹೆಚ್ಚಿನವು ಹಡಿಲು ಬಿದ್ದಿದ್ದುವು. ಗೇರು ಹೂಬಿಟ್ಟಿತ್ತು. ಪೋರ್ಚುಗೀಸರು ತಂದ ಈ ಮರದ ಹೂವಿನ ಪರಿಮಳ ನಮ್ಮ ಮಕ್ಕಳ ಮೂಗಿಗೆ ತಪಸ್ಸುಕಾಲದ ಪರಿಮಳವೇ ಆಗಿತ್ತು. ಶಿಲುಬೆಯ ಹಾದಿಯ ಪ್ರಾರ್ಥನೆ ಮುಗಿಸಿ ಗುಡ್ಡೆಯಲ್ಲಿ ಮನೆಗೆ ಮರಳುವಾಗ ಅದು ಮೂಗಿಗೆ ಹೊಡೆಯುತ್ತಿತ್ತು. ಈಗ ನಗರದ ಮಕ್ಕಳಿಗೆ ಗೇರು ಎಂದರೆ ಪೊಟ್ಟಣದೊಳಗಿನ ಬೀಜ ಮಾತ್ರ.

ಸಂಕಲಕರಿಯದ ಸೇತುವೆಯ ಮೇಲೆ ನಿಂತು ಶಾಂಭವಿ ನದಿಯನ್ನು ನೋಡಿದೆ. ನೀರು ಅಲುಗುತ್ತಿರಲಿಲ್ಲ. ಸೇತುವೆಯಿಲ್ಲದ ಕಾಲದಲ್ಲಿ ಹೊಳೆಯ ಕಡವುಗಳಲ್ಲಿ ದೋಣಿಗಾಗಿ ಕಾಯುತ್ತಾ ಜನ ಜಪಸರ ಹೇಳುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದಳು. ಆಕೆಯ ಕಾಲದವರು ದೂರವನ್ನು ಮೈಲಿನಲ್ಲಿ ಅಳೆಯುತ್ತಿರಲಿಲ್ಲ, ಇಗರ್ಜಿಗೆ ಎರಡು ಜಪಸರದ ದಾರಿ, ಸಂತೆಗೆ ಮೂರು ಎನ್ನುತ್ತಿದ್ದರು. ಆ ಲೆಕ್ಕವನ್ನು ನಾನೂ ಪರೀಕ್ಷಿಸಿದೆ. ಆತುರವಿಲ್ಲದೆ ಹೇಳಿದ ಐವತ್ತಮೂರು ಮಣಿಗಳಿಗೆ ಸುಮಾರು ಒಂದೂವರೆ ಕಿಲೋಮೀಟರು ಸಾಗುತ್ತದೆ. ಗುರುವಾರವಾದ್ದರಿಂದ ‘ಬೆಳಕಿನ ರಹಸ್ಯಗಳು’. ಪೋಪ್ ಎರಡನೇ ಜಾನ್ ಪಾವ್ಲರು 2002ರಲ್ಲಿ ಇವನ್ನು ಸೇರಿಸಿದಾಗ ಅಮ್ಮನಿಗೆ ಅದು ರೂಢಿಯಾಗಲು ವರ್ಷಗಳೇ ಹಿಡಿದಿದ್ದುವು. ಗುರುವಾರ ಬಂದರೆ ಎರಡನೆಯ ರಹಸ್ಯದಲ್ಲಿ ತಡವರಿಸಿ ಅಕ್ಕನ ಮುಖ ನೋಡುತ್ತಿದ್ದಳು.

ಸೇತುವೆಯಿಂದಾಚೆ ಮುಂಡ್ಕೂರಿನ ತನಕದ ಮೌನವನ್ನು ಹೇಗೆ ವರ್ಣಿಸಲಿ? ಅರ್ಧ ಗಂಟೆಗೊಮ್ಮೆ ಒಂದು ಬಸ್ಸು, ಆಗೊಮ್ಮೆ ಈಗೊಮ್ಮೆ ರಿಕ್ಷಾ. ಅವು ಹೋದ ಮೇಲೆ ತರಗೆಲೆಯ ಮೇಲೆ ನನ್ನದೇ ಹೆಜ್ಜೆಯ ಸದ್ದು. ಎರಡು ತಾಸು ಕಳೆಯುವಷ್ಟರಲ್ಲಿ ಪ್ರಾರ್ಥನೆಯೂ ತಾನಾಗಿ ನಿಂತುಹೋಯಿತು, ಬೇಸರದಿಂದಲ್ಲ, ಹೇಳಬೇಕೆನಿಸಲಿಲ್ಲ. ಅಮ್ಮನ ಬಗ್ಗೆ ಯೋಚಿಸಬೇಕೆಂದು ಹೊರಟವನು ನಾನು. ನಿಜ ಹೇಳುವುದಾದರೆ ಹೆಚ್ಚಿನ ಹೊತ್ತು ಯೋಚಿಸಿದ್ದು ಹಿಮ್ಮಡಿಯ ಬೊಬ್ಬೆಯ ಬಗ್ಗೆ, ತಪಸ್ಸುಕಾಲಕ್ಕೆಂದು ಬಿಟ್ಟಿದ್ದ ಚಹಾದ ಬಗ್ಗೆ.

ಆದರೆ ನಡೆಯುವವನ ಕಣ್ಣಿಗೆ ಬೀಳುವ ಸಂಗತಿಗಳು ಕಾರಿನಲ್ಲಿ ಹೋಗುವವನಿಗೆ ಕಾಣವು. ಗೇಟಿನ ಮೇಲೆ ಶಿಲುಬೆಯಿರುವ ಮನೆಗಳನ್ನು ಸುಮ್ಮನೆ ಎಣಿಸುತ್ತಾ ಹೋದೆ. ಹಲವಕ್ಕೆ ಬೀಗ. ಅಂಗಳದಲ್ಲಿ ಮೊಣಕಾಲೆತ್ತರದ ಹುಲ್ಲು, ಸಿಟೌಟಿನಲ್ಲಿ ತಲೆಕೆಳಗಾಗಿ ಇಟ್ಟ ಕುರ್ಚಿಗಳು, ತೆಂಗಿನಮರದ ಬುಡದಲ್ಲಿ ಹೆಕ್ಕುವವರಿಲ್ಲದೆ ಮೊಳಕೆಯೊಡೆದ ಕಾಯಿಗಳು. ಕೊಲ್ಲಿ ರಾಷ್ಟ್ರಗಳಿಂದ, ಕೆನಡದಿಂದ ಬಂದ ಹಣದಲ್ಲಿ ಎದ್ದ ಸುಂದರವಾದ ಮನೆಗಳವು. ವರ್ಷದಲ್ಲಿ ಹತ್ತು ದಿನ, ಮದುವೆಗೋ ಹಬ್ಬಕ್ಕೋ ತೆರೆದುಕೊಳ್ಳುತ್ತವೆ. ಅಂಥದ್ದೇ ಒಂದು ಮನೆಯ ಗೇಟಿನೊಳಗೆ ಬನಿಯನು ತೊಟ್ಟ ಹಿರಿಯರೊಬ್ಬರು ನಿಂತಿದ್ದರು. ಎಲ್ಲಿಗೆಂದು ಕೊಂಕಣಿಯಲ್ಲಿ ಕೇಳಿದರು. ಹೇಳಿದೆ. ‘ನಡೆದೇ?’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಯೌವನದಲ್ಲಿ ಈ ದಾರಿಯಲ್ಲಿ ಸಾಂತ್‌ಮಾರಿಗೆ ರಾತ್ರಿಯಿಡೀ ಜನ ಹಾಡುತ್ತಾ ಹೋಗುತ್ತಿದ್ದರೆಂದೂ, ತೆಂಗಿನ ಗರಿಯ ಸೂಟೆಗಳ ಬೆಳಕು ಗದ್ದೆಯಾಚೆಯಿಂದಲೇ ಕಾಣುತ್ತಿತ್ತೆಂದೂ ಹೇಳಿದರು. ನಾನು ಹೊರಡುತ್ತೇನೆಂದರೂ ಬಿಡಲೊಲ್ಲರು. ಮಾತನಾಡಿ ದಿನಗಳಾದವರಂತೆ ಮಾತನಾಡಿದರು. ಇಪ್ಪತ್ತು ನಿಮಿಷ ಗೇಟಿನ ಎರಡು ಕಡೆ ನಿಂತೇ ಕಳೆಯಿತು.

ಮುಂದೆ ಒಂದು ಜಗಲಿಯಲ್ಲಿ ಇಬ್ಬರು ಹೆಂಗಸರು ಮೊರವನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಿದ್ದರು. ನೀರು ಕೇಳಿದೆ. ಹಿರಿಯಾಕೆ ಒಳಗೆ ಹೋಗಿ ತಟ್ಟೆಯಲ್ಲಿ ಒಂದು ತುಂಡು ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು. ದಾರಿಹೋಕನಿಗೆ ಬೆಲ್ಲವಿಲ್ಲದೆ ನೀರು ಕೊಡದ ಈ ಪದ್ಧತಿ ತುಳುನಾಡಿನಲ್ಲಿ ಇನ್ನೂ ಉಳಿದಿದೆ ಎಂಬುದನ್ನು ನಗರದಲ್ಲಿ ಕುಳಿತು ಮರೆತಿದ್ದೆ. ಅತ್ತೂರಿಗೆ ಎಂದು ತಿಳಿದೊಡನೆ ಆಕೆ ಬೀಡಿಯ ಎಲೆ ಕತ್ತರಿಸುವ ಕತ್ತರಿಯನ್ನು ಕೆಳಗಿಟ್ಟು, ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿಯ ನೋಟನ್ನು ತೆಗೆದರು. ಮಗಳಿಗೆ ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ತನ್ನ ಹೆಸರಿನಲ್ಲಿ ಒಂದು ಮೊಂಬತ್ತಿ ಹಚ್ಚಬೇಕೆಂದು ತುಳುವಿನಲ್ಲಿ ಹೇಳಿದರು. ಮನೆಯ ಮುಂದೆ ತುಳಸಿಕಟ್ಟೆ ಇತ್ತು. ‘ಈ ಬಾರಿ ಸಾಂತ್‌ಮಾರಿಗೆ ಹೋಗಲಾಗಲಿಲ್ಲ ಅಣ್ಣಾ, ಕಾಲು ಬಾತಿತ್ತು’ ಎಂದು ಸಮಜಾಯಿಷಿಯನ್ನೂ ಕೊಟ್ಟರು, ನನಗಲ್ಲ, ಸಂತರಿಗೆ.

ಆ ನೋಟನ್ನು ಅಮ್ಮನ ಚೀಟಿಯ ಮಡಿಕೆಯಲ್ಲಿ ಇಟ್ಟುಕೊಂಡೆ. ಅಲ್ಲಿಂದ ಮುಂದೆ ಹಿಂದಿರುಗುವ ಮಾತೇ ಇರಲಿಲ್ಲ. ನನ್ನ ನಡಿಗೆಯನ್ನು ಯಾವ ಕಾನೂನೂ ಕೇಳಿರಲಿಲ್ಲ, ನಿಜ. ಇಪ್ಪತ್ತು ರೂಪಾಯಿಯ ಋಣ ಮಾತ್ರ ನನ್ನದೇ ಆಗಿತ್ತು.

ಮುಂಡ್ಕೂರು ದಾಟಿ, ಸಚ್ಚೇರಿಪೇಟೆಯಲ್ಲಿ ಬಸ್ ತಂಗುದಾಣದ ಕಲ್ಲಿನ ಮೇಲೆ ಕುಳಿತು ಅತ್ತಿಗೆ ಕಟ್ಟಿಕೊಟ್ಟ ಊಟ ಬಿಚ್ಚಿದೆ. ಅಂಗಡಿಯವನು ಚಹಾ ಬೇಡವೇ ಎಂದು ಎರಡು ಸಲ ಕೇಳಿದ. ಈ ಪ್ರಲೋಭನೆಯನ್ನು ಗೆದ್ದೆನೆಂದು ಬರೆದುಕೊಳ್ಳಲು ಅಡ್ಡಿಯಿಲ್ಲ. ಮೂರು ಗಂಟೆಯ ಹೊತ್ತಿಗೆ ಕೆದಿಂಜೆ. ಇದು ನಂದಳಿಕೆಯ ಸೀಮೆ, 1870ರಲ್ಲಿ ಕವಿ ಮುದ್ದಣ ಹುಟ್ಟಿದ ಊರು. ಹೊಟ್ಟೆಪಾಡಿಗೆ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದು, ಕ್ಷಯರೋಗದಿಂದ 1901ರಲ್ಲಿ ತೀರಿಕೊಂಡ ಅವನಿಗೆ ಆಗ ವಯಸ್ಸು ಬರೇ 31. ನಿಟ್ಟೆಯಲ್ಲಿ ದಿಢೀರನೆ ಪ್ರಪಂಚ ಮರಳಿ ಬಂತು. ಕಾಲೇಜು ಬಿಟ್ಟ ವಿದ್ಯಾರ್ಥಿಗಳ ಸಾಲು, ಮೋಟಾರು ಬೈಕುಗಳು, ಜ್ಯೂಸಿನ ಅಂಗಡಿಗಳು. ಕುಂಟುತ್ತಾ ಕೊಡೆ ಹಿಡಿದು ಸಾಗುವ ಮುದುಕನಿಗೆ ದಾರಿ ಬಿಟ್ಟುಕೊಟ್ಟ ಒಬ್ಬ ಹುಡುಗ ‘ಅಂಕಲ್, ಬಿಡಬೇಕಾ?’ ಎಂದು ಬೈಕು ನಿಲ್ಲಿಸಿದ. ಕೊನೆಯ ಕೆಲವೇ ಕಿಲೋಮೀಟರು. ಇಲ್ಲ ಎಂದು ಹೇಳಲು ಅಂದು ಅತ್ಯಂತ ಕಷ್ಟವಾದದ್ದು ಅಲ್ಲಿಯೇ.

ಅತ್ತೂರನ್ನು ತಲಪುವಾಗ ಐದು ಗಂಟೆ ಸಮೀಪಿಸಿತ್ತು. 1759ರಲ್ಲಿ ಕಾರ್ಕಳದಲ್ಲಿ ಆರಂಭವಾಗಿ, 1784ರಲ್ಲಿ ಅಳಿದು, ಸೆರೆಯಿಂದ ಮರಳಿದವರ ಕೈಯಿಂದ ಮತ್ತೆ ಎದ್ದ ಧರ್ಮಕೇಂದ್ರವಿದು. ಈಗಿನ ಸ್ಥಳಕ್ಕೆ ಬಂದದ್ದು 1839ರಲ್ಲಿ. ಹೊಸ ಇಗರ್ಜಿಗೆ ಸ್ಥಳ ಹುಡುಕುತ್ತಾ ಸಂತರ ಪುಟ್ಟ ಪ್ರತಿಮೆಯನ್ನು ಹೊತ್ತು ಕಾಡಿನಲ್ಲಿ ನಡೆದವರು ಕೆರೆಯ ಬಳಿ ಪ್ರತಿಮೆಯನ್ನು ಕೆಳಗಿಟ್ಟಾಗ ಅದನ್ನು ಮತ್ತೆ ಎತ್ತಲಾಗಲಿಲ್ಲವೆಂಬ ಐತಿಹ್ಯವನ್ನು ಬಲ್ಲವರೇ ನಾವೆಲ್ಲ. ಆ ಕಥೆಯಲ್ಲಿಯೂ ಇರುವುದು ನಡೆದು ದಣಿದವರೇ ಎಂಬುದು ಅಂದಿನವರೆಗೆ ನನಗೆ ಹೊಳೆದಿರಲಿಲ್ಲ. 2016ರಲ್ಲಿ ಮೈನರ್ ಬಾಸಿಲಿಕವೆಂಬ ಗೌರವ ಪಡೆದ ಈ ಕ್ಷೇತ್ರ ಇಂದು ಉಡುಪಿ ಧರ್ಮಪ್ರಾಂತ್ಯದಲ್ಲಿದೆ. ಜನವರಿಯಲ್ಲಿ ಲಕ್ಷಗಟ್ಟಲೆ ಜನ ತುಳಿದ ಅಂಗಳದಲ್ಲಿ ಅಂದು ಒಬ್ಬಾಕೆ ತರಗೆಲೆ ಗುಡಿಸುತ್ತಿದ್ದರು. ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕೆರೆಯ ನೀರಿನಿಂದ ಮುಖ ತೊಳೆದುಕೊಂಡೆ. ಮೊದಲು ಬೀಡಿ ಕಟ್ಟುವ ತಾಯಿಯ ಮೊಂಬತ್ತಿ ಹಚ್ಚಿದೆ, ಆಮೇಲೆ ಅಮ್ಮನದು. ಸಂತ ಲಾರೆನ್ಸರು ಕ್ರಿ.ಶ. 258ರಲ್ಲಿ ರೋಮ್ ನಗರದಲ್ಲಿ ರಕ್ತಸಾಕ್ಷಿಯಾದ ಧರ್ಮಸೇವಕರು. ಚರ್ಚಿನ ಸಂಪತ್ತನ್ನು ಒಪ್ಪಿಸೆಂದಾಗ ಬಡವರನ್ನು ಕರೆತಂದು ನಿಲ್ಲಿಸಿದರೆಂಬುದು ಅವರ ಕುರಿತಾದ ಪರಂಪರೆ. ಅಮ್ಮ ಹೇಳುತ್ತಿದ್ದಂತೆ ಏನಾದರೂ ಹೇಳಬೇಕೆಂದು ಪ್ರತಿಮೆಯ ಮುಂದೆ ಬಹಳ ಹೊತ್ತು ನಿಂತೆ. ‘ಬಂದೆವು’ ಎಂಬುದಷ್ಟೇ ಬಾಯಿಗೆ ಬಂತು.

ಚೀಟಿಯನ್ನು ಬಿಚ್ಚಿದೆ. ಜೇಬಿನಲ್ಲಿ ಪೆನ್ನಿರಲಿಲ್ಲ. ಮೊಂಬತ್ತಿ ಮಾರುವ ಹುಡುಗಿಯಿಂದ ಎರವಲು ಪಡೆದು, ನಾಲ್ಕನೆಯ ಸಾಲಿನ ಮುಂದೆ ಅಮ್ಮ ಹಾಕುತ್ತಿದ್ದಂತೆಯೇ ಒಂದು ಸಣ್ಣ ಶಿಲುಬೆಯ ಗುರುತು ಹಾಕಲು ಯತ್ನಿಸಿದೆ. ಕೈ ನಡುಗಿ ಅದು ಸ್ವಲ್ಪ ಓರೆಯಾಯಿತು.

ಹಿಂದಿರುಗಿದ್ದು ಮೂಡಬಿದಿರೆಯ ಮಾರ್ಗವಾಗಿ, ಬಸ್ಸಿನಲ್ಲಿ. ಎರಡು ದಿನ ನಡೆದ ದೂರವನ್ನು ಅದು ಎರಡು ತಾಸಿನೊಳಗೆ ಮುಗಿಸಿತು. ಅದರಲ್ಲಿ ಹೆಚ್ಚಿನ ಹೊತ್ತು ನಾನು ನಿದ್ರಿಸಿದ್ದೆ. ಕುದ್ರೋಳಿಗೆ ಮುಟ್ಟುವಾಗ ರಾತ್ರಿ ಒಂಬತ್ತು. ಹೆಂಡತಿ ಏನೂ ಕೇಳದೆ ಬಚ್ಚಲಿನಲ್ಲಿ ಬಿಸಿನೀರು ತುಂಬಿಸಿಟ್ಟಿದ್ದಳು. ಅಕ್ಕ ಫೋನು ಮಾಡಿ, ಚೀಟಿಯನ್ನು ಕಳೆದುಹಾಕಬೇಡ, ಅದು ತನಗೂ ಬೇಕು ಎಂದಳು.